ಕಾಂಪೌಂಡರ್ ಶಾಮಣ್ಣನವರ ಟೆಲಿವಿಷನ್

ಆ ಕಾಲದಲ್ಲಿ ಆಸ್ಪತ್ರೆಯ ಮಿಕ್ಸ್ಚರ್ ಸೀಸೆಗೆ ಉದ್ದಕ್ಕೂ ಒಂದು ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ಗೊತ್ತಾಗಲಿ ಎಂದು ಅದರ ಅಂಚಿಗೆ ಕತ್ತರಿಯಿಂದ ಕಚ್ಚು ಹಾಕಿರುತ್ತಿದ್ದರು. ಶಿಡ್ಲಘಟ್ಟದ ಕಾಂಪೌಂಡರ್ ಶಾಮಣ್ಣನವರೂ ಹಾಗೇ ಮಾಡುತ್ತಿದ್ದರು. ಆದರೆ ಸೀಸೆ ಮಕ್ಕಳದ್ದಾದರೆ ಪಟ್ಟಿಯ ಒಳಮೈಯಲ್ಲಿ ಒಂದು ಬೆಕ್ಕನ್ನೂ ಬರೆದು, ಚಿತ್ರದ ಮಗ್ಗುಲನ್ನು ಗಾಜಿಗೆ ತಾಗಿಸಿ ಅಂಟಿಸುತ್ತಿದ್ದರು. ಸೀಸೆ ತುಂಬಿರುವಾಗ ಕೆಂಪು ಔಷಧಿಯ ಹಿಂದೆ ಏನೂ ಕಾಣುತ್ತಿರಲಿಲ್ಲ. ಮೊದಲ ಹೊತ್ತು ಕುಡಿದರೆ ಮಾಡಿನ ಮೇಲೆ ಕೂತ ಬೆಕ್ಕು. ಎರಡನೆಯದಕ್ಕೆ ಅದು ಮೈಮುರಿಯುತ್ತಿತ್ತು. ಆಮೇಲೆ ನೆಗೆಯುತ್ತಿತ್ತು. ಹಾಲಿನ ಪಾತ್ರೆ ಸಿಕ್ಕಿತೋ ಇಲ್ಲವೋ ತಿಳಿಯಬೇಕಾದರೆ ತಳದವರೆಗೂ ಕುಡಿಯಲೇಬೇಕು.

"ಕಾಂಪೌಂಡರ್ ಮಾವ, ಜ್ವರ ಬಿಟ್ಟೋಯ್ತು, ಬೆಕ್ಕು ಇನ್ನೂ ಗಾಳೀಲೇ ಇದೆ," ಎಂದು ಒಂದು ಹುಡುಗಿ ಅರ್ಧ ಸೀಸೆ ಹಿಡಿದು ಬಂದಿದ್ದನ್ನು ನಾನೇ ನೋಡಿದ್ದೇನೆ.

"ಜ್ವರ ಬಿಟ್ರೂ ಬೆಕ್ಕನ್ನ ಬಿಡ್ಬಾರ್ದು ಕಣಮ್ಮ. ಕುಡಿ, ಇಳೀತದೆ."

ನಾನು ಆಗ ಬಿ.ಎ. ಮುಗಿಸಿ ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಹೊಸದಾಗಿ ಬಂದಿದ್ದೆ. ಸುಬ್ಬಮ್ಮ ಎಂಬುವರ ವಠಾರದಲ್ಲಿ ನನಗೆ ಒಂದು ಕೋಣೆ, ಎದುರಿನ ಕೋಣೆ ಶಾಮಣ್ಣನವರದು. ಅವರಿಗೆ ಆಗ ನಲವತ್ತರ ಆಸುಪಾಸು. ಮದುವೆಯಾಗಿರಲಿಲ್ಲ. ಕೈಯಲ್ಲಿ ಸೀಸೆ ಇಲ್ಲದಾಗಲೂ ಬಲಗೈ ಸೀಸೆ ಕುಲುಕಿದ ಹಾಗೆ ಅಲ್ಲಾಡುತ್ತಲೇ ಇರುತ್ತಿತ್ತು. ಖುಷಿಯಾದರೆ ಇನ್ನೂ ಜೋರಾಗಿ. ಹೀಗೆ ಬರೆಯುವಾಗಲೇ ನನಗೆ ಅನುಮಾನ. ಮೂವತ್ತು ವರ್ಷ ದಿನಚರಿ ಬರೆದವಳು ನಾನು. ಆದರೆ ಆ ವರ್ಷದ ಪುಟಗಳ ತುಂಬ ಇರುವುದು ನನ್ನ ಸಂಕಟ, ನನ್ನ ಒಂಟಿತನ, ಮೇಲಧಿಕಾರಿಗಳು ನನ್ನ ಪಾಠದ ಬಗ್ಗೆ ಆಡಿದ ಮಾತು. ಶಾಮಣ್ಣನವರ ಕೈಯ ಬಗ್ಗೆ ಒಂದಕ್ಷರವೂ ಇಲ್ಲ. ಹಾಗಾದರೆ ಆ ಕೈ ನಾನು ಕಂಡಿದ್ದೇ, ಅಥವಾ ಅವರ ಮೇಲಿನ ಪ್ರೀತಿ ಆಮೇಲೆ ಬರೆದು ಸೇರಿಸಿದ್ದೇ? ಗೊತ್ತಿಲ್ಲ. ಕಂಡ ಹಾಗೇ ಇದೆ.

ಒಮ್ಮೆ ಆಸ್ಪತ್ರೆಗೆ ಔಷಧಿ ತರಲು ಬೆಂಗಳೂರಿಗೆ ಹೋದವರು ಮಾರನೆಯ ದಿನವೂ ಬರಲಿಲ್ಲ. ಅದರ ಮಾರನೆಯ ದಿನ ಪುಟ್ಟ ರೈಲಿನಿಂದ ಇಳಿದು, ಔಷಧಿ ಪೆಟ್ಟಿಗೆಗಳನ್ನು ಆಸ್ಪತ್ರೆಗೆ ಮುಟ್ಟಿಸಿ, ನೇರ ನನ್ನ ಬಾಗಿಲಿಗೆ ಬಂದರು. ಕೈ ಒಂದೇ ಸಮ ಕುಲುಕುತ್ತಿತ್ತು.

"ಟೀಚರಮ್ಮ, ಚಿತ್ರ ನಡೀತವೆ! ಬರೆದಿರೋ ಚಿತ್ರ! ಎದ್ದು ನಡೀತವೆ!"

ಬೆಂಗಳೂರಿನ ದಂಡು ಪ್ರದೇಶದ ಒಂದು ಥಿಯೇಟರಿನಲ್ಲಿ ಹಳೆಯ ಹೆಸರಾಂತ ಕಾರ್ಟೂನ್ ಸಿನಿಮಾವೊಂದು ಮತ್ತೆ ಬಂದಿತ್ತಂತೆ. ಮಳೆ ಬಂತೆಂದು ಒಳಗೆ ನುಗ್ಗಿದವರು ಎರಡು ದಿನ ಎಲ್ಲ ಆಟಗಳನ್ನೂ ನೋಡಿದ್ದರು. ಇಂಗ್ಲಿಷ್ ಮಾತು ಒಂದೂ ಅರ್ಥವಾಗಿರಲಿಲ್ಲ. ಕಥೆ ಮಾತ್ರ ಪೂರ್ತಿ ಅರ್ಥವಾಗಿತ್ತು. ಮಂದೆಯಿಂದ ತಪ್ಪಿಸಿಕೊಂಡ ಒಂದು ಕುರಿಮರಿ, ಆಕಾಶದ ಬಿಳಿ ಮೋಡವನ್ನೇ ತನ್ನ ತಾಯಿ ಎಂದುಕೊಂಡು ಅದರ ಹಿಂದೆ ಹೊರಡುತ್ತದೆ. ಗುಡ್ಡ, ಹೊಳೆ, ಊರು ದಾಟುತ್ತದೆ. ಕೊನೆಗೆ ಮೋಡ ಕರಗಿ ಮಳೆಯಾಗುತ್ತದೆ. ತಾಯಿ ಹೋದಳೆಂದು ಮರಿ ಅಳುವಾಗ ಆ ಮಳೆಯಲ್ಲೇ ನಿಜವಾದ ತಾಯಿ ಎದುರಿಗೆ ಬರುತ್ತಾಳೆ. ಆ ಸಿನಿಮಾವನ್ನು ನಾನು ನೋಡಿಲ್ಲ. ಅದು ಕುರಿಯೇ ಹೌದೋ, ಕಥೆ ಅಷ್ಟೇ ಇತ್ತೋ ಎಂದು ಆಗ ನಾನು ಕೇಳಲಿಲ್ಲ.

ಬದಲಿಗೆ ನನ್ನ ದೊಡ್ಡಸ್ತಿಕೆ ಕೊಚ್ಚಿಕೊಂಡೆ. ನನ್ನ ಅಣ್ಣ ದೆಹಲಿಯಲ್ಲಿ ಗುಮಾಸ್ತನಾಗಿದ್ದ. ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಒಂದು ಶಾಲೆಯಲ್ಲಿ ಟೆಲಿವಿಷನ್ ನೋಡಿದ್ದೆ. ಶಿಡ್ಲಘಟ್ಟದಲ್ಲಿ ಅದನ್ನು ನೋಡಿದವರು ಬೇರೆ ಯಾರೂ ಇರಲಿಲ್ಲ.

"ಒಂದು ಪೆಟ್ಟಿಗೆ, ಶಾಮಣ್ಣನವರೇ. ಸಿನಿಮಾಕ್ಕೆ ಹೋಗೋದೇ ಬೇಡ. ಪೆಟ್ಟಿಗೆ ಒಳಗೇ ಚಿತ್ರ ಬರುತ್ತೆ. ವಾರ ವಾರ ಮಕ್ಕಳು ಕಾದು ಕೂತು ನೋಡ್ತಾರೆ."

"ಏನು ನೋಡ್ತಾರೆ?"

"ಪಾಠ."

ಅವರ ಕೈ ನಿಂತೇ ಹೋಯಿತು. "ಪಾಠಾನಾ? ಅಂಥಾ ಪೆಟ್ಟಿಗೆ ಇಟ್ಕೊಂಡು ಪಾಠ ಹಾಕ್ತಾರಾ? ಥೂ, ಪಾಪಿಗಳು!" ಆಮೇಲೆ ಅಂದರು: "ಟೀಚರಮ್ಮ, ಅಷ್ಟುದ್ದ ಸಿನಿಮಾನ ಒಂದೇ ಸಲಕ್ಕೆ ತೋರಿಸ್ತಾರಲ್ಲ, ಸೀಸೆ ಪೂರ್ತಿ ಒಂದೇ ಸಲ ಬಾಯಿಗೆ ಸುರಿದಂಗೆ ಅದು. ಮೈಗೆ ಹತ್ತಲ್ಲ. ಪೆಟ್ಟಿಗೆ ಮಾಡಣ. ಭಾನುವಾರಕ್ಕೊಂದು ಡೋಸು."

ಹೀಗೆ ಶಿಡ್ಲಘಟ್ಟಕ್ಕೆ ಟೆಲಿವಿಷನ್ ಬಂತು.

ಪೆಟ್ಟಿಗೆ ಆಸ್ಪತ್ರೆಗೆ ಔಷಧಿ ಬಂದಿದ್ದ ಮರದ ಪೆಟ್ಟಿಗೆ. ಎದುರಿಗೆ ಸ್ಲೇಟಿನಷ್ಟು ಕಿಂಡಿ, ಅದಕ್ಕೊಂದು ಪರದೆ. ಮೊದಲ ಭಾನುವಾರ ಉದ್ದನೆಯ ಕಾಗದದ ಸುರುಳಿಯ ಮೇಲೆ ಕುರಿಮರಿಯ ಚಿತ್ರಗಳನ್ನು ಬರೆದು ಕಿಂಡಿಯ ಹಿಂದೆ ಎಳೆದರು. ಜಗುಲಿಯ ಮೇಲೆ ಕೂತ ಮಕ್ಕಳು ಸ್ವಲ್ಪ ಹೊತ್ತು ಮರ್ಯಾದೆಯಿಂದ ನೋಡಿದರು. ಆಮೇಲೆ ಮುಂದಿದ್ದ ಒಬ್ಬಳು ಕೇಳಿದಳು, "ಮಾವ, ಅದಕ್ಕೆ ಕಾಲು ಬರಲ್ವಾ? ಗಾಡಿ ಮೇಲೆ ಇಟ್ಟು ಎಳೀತಿದ್ದೀರಾ?"

ಶಾಮಣ್ಣನವರಿಗೆ ಅವಮಾನವಾಗಲಿಲ್ಲ. "ನಿಜ ಕಣೇ. ನಡೀತಿಲ್ಲ, ಜಾರ್ತಿದೆ," ಎಂದು ಪರದೆ ಎಳೆದು, ಆ ವಾರವೆಲ್ಲ ಆಸ್ಪತ್ರೆಯಿಂದ ಬಂದ ಕೂಡಲೇ ಕೋಣೆ ಸೇರಿದರು. ಒಂದು ದಿನ ಪಕ್ಕದ ಬೀದಿಯ ಬಷೀರ್ ಸಾಬರ ಮನೆಗೆ ಹೋದರು. ಸಾಬರದು ರೇಷ್ಮೆ ನೂಲು ತೆಗೆಯುವ ಕಸುಬು. ಕುದಿನೀರಿನಲ್ಲಿ ಬೆಂದ ಗೂಡಿನಿಂದ ಬಿಚ್ಚಿದ ಎಳೆಯನ್ನು ಸುತ್ತಿಕೊಳ್ಳುವ ರಾಟೆಗಳಲ್ಲಿ ಒಂದು ಹಳೆಯದು ಹಿತ್ತಲಲ್ಲಿ ಬಿದ್ದಿತ್ತು. ಅದನ್ನು ಸಾಬರೇ ಹೊತ್ತು ತಂದರು. ಶಾಮಣ್ಣನವರು ಅದರ ನಡುವಿನ ದಿಂಡಿಗೆ ಸೈಕಲ್ ಟ್ಯೂಬು ಸುತ್ತಿ, ಆಸ್ಪತ್ರೆಯ ಬ್ಲೇಡಿನಿಂದ ಒತ್ತೊತ್ತಾಗಿ ಸೀಳಿ, ಸೀಳಿಗೊಂದರಂತೆ ದಪ್ಪ ಕಾರ್ಡುಗಳನ್ನು ಸಿಕ್ಕಿಸಿದರು. ಒಂದೊಂದು ಕಾರ್ಡಿನಲ್ಲೂ ಕುರಿಮರಿಯ ಕಾಲು ಒಂದಿಷ್ಟೇ ಮುಂದೆ. ರಾಟೆಯನ್ನು ಕಿಂಡಿಯ ಹಿಂದೆ ಕೂರಿಸಿ ಮೇಲೊಂದು ಬಿದಿರಿನ ಕಡ್ಡಿ ಅಡ್ಡ ಇಟ್ಟರು. ರಾಟೆ ತಿರುಗಿದಾಗ ಕಡ್ಡಿಗೆ ತಗುಲಿ ಕಾರ್ಡುಗಳು ಒಂದರ ಹಿಂದೊಂದು ಪಟಪಟ ಬೀಳುತ್ತಿದ್ದವು.

ರಾಟೆ ತಿರುಗಿಸಲು ಕೂತವರು ಬಷೀರ್ ಸಾಬರೇ. "ಜೋರಾಗಿ ತಿರುಗಿಸಿದ್ರೆ ಎಳೆ ಕಿತ್ತೋಗ್ತದೆ, ನಿಧಾನ ಮಾಡಿದ್ರೆ ಗಂಟಾಗ್ತದೆ ಶಾಮಣ್ಣ. ನಿಮ್ ಕುರಿಗೂ ಅದೇ ಕಾನೂನು," ಎಂದು ಹಿಡಿ ಹಿಡಿದರು.

ಕುರಿಮರಿ ನಡೆಯಿತು.

ಅದನ್ನು ಹೇಗೆ ಬರೆಯಲಿ? ಮಕ್ಕಳು ಕೂಗಿದ ಕೂಗಿಗೆ ಬೀದಿಯ ಆ ಕೊನೆಯಿಂದ ಜನ ಓಡಿ ಬಂದರು, ಯಾರಿಗೆ ಏನಾಯಿತೋ ಎಂದು. ಅದು ಕುಂಟುತ್ತಿತ್ತು, ಒಂದು ಕಿವಿ ಬಂದು ಹೋಗಿ ಮಾಡುತ್ತಿತ್ತು. ಆದರೆ ಅದರ ಕಾಲು ಅದರದೇ ಆಗಿತ್ತು.

ಕಾರ್ಡುಗಳೆಲ್ಲ ಹಳೆಯ ಲಗ್ನಪತ್ರಿಕೆಗಳು. ಮನೆಮನೆಯಲ್ಲೂ ಮೊಳೆಗೆ ಸಿಕ್ಕಿಸಿ ಕೂಡಿಟ್ಟಿರುತ್ತಿದ್ದರು, ಶುಭದ ಕಾಗದ ಬಿಸಾಡಬಾರದೆಂದು. ಅವುಗಳ ಬೆನ್ನು ಖಾಲಿ. ಮೂಲೆಗಳಿಗೆ ಮಾತ್ರ ಅರಿಶಿನ ಹಚ್ಚಿರುತ್ತಿತ್ತು. ರಾಟೆ ತಿರುಗುವಾಗ ಕಿಂಡಿಯ ಮೂಲೆಯಲ್ಲಿ ಹಳದಿ ಮಿಣಮಿಣ ಎನ್ನುತ್ತಿತ್ತು. ಬೆಳಕಿಗೆ ಬಿಸಿಲು: ಅಂಗಳದಲ್ಲಿ ನಿಂತ ಒಬ್ಬರು ಕನ್ನಡಿ ಹಿಡಿದು ಬಿಸಿಲನ್ನು ಕಿಂಡಿಗೆ ಬಿಡಬೇಕು. ನಿಜವಾದ ಮೋಡ ಬಂದರೆ ಆಟ ನಿಲ್ಲುತ್ತಿತ್ತು. ಆಗ ಮಕ್ಕಳು ಮೇಲೆ ನೋಡಿ ಬೈಯುತ್ತಿದ್ದ ಬೈಗುಳ ಶಾಲೆಯ ಟೀಚರು ಬರೆಯುವಂಥದ್ದಲ್ಲ.

ವಾರಕ್ಕೊಂದು ಭಾಗವಾದ ಮೇಲೆ ಸಿನಿಮಾದ ಕಥೆ ಸಾಲದಾಯಿತು. ಮೋಡ ಪಕ್ಕದ ಹಳ್ಳಿ ಮೇಲೂರಿಗೆ ಹೋಯಿತು; ಕುರಿಮರಿ ಅಲ್ಲಿ ರೇಷ್ಮೆ ಗೂಡಿನ ರಾಶಿಯನ್ನು ಕಂಡು, ಮೋಡ ಮೊಟ್ಟೆಯಿಟ್ಟಿದೆ ಎಂದುಕೊಂಡಿತು. ಮುರುಗಮಲ್ಲದ ದರ್ಗಾದ ಮುಂದೆ ಜನರ ನಡುವೆ ಸಾಲಿನಲ್ಲಿ ಕೂತು ಸಕ್ಕರೆ ಈಸಿಕೊಂಡಿತು. ಪೆರೇಸಂದ್ರದಲ್ಲಿ ಲಾರಿ ಹತ್ತಿತು. ಮಕ್ಕಳು ಅರ್ಜಿ ಹಾಕುತ್ತಿದ್ದರು: "ಮಾವ, ಮುಂದಿನ ವಾರ ನಮ್ಮಜ್ಜಿ ಊರಿಗೆ ಕರ್ಕೊಂಡ್ ಹೋಗಿ, ಅಲ್ಲಿ ನಾಯಿ ಇದೆ, ಹುಷಾರು." ಕಥೆ ಹೇಳುವವರು ಶಾಮಣ್ಣನವರು. ಕುರಿಮರಿಯ ದನಿ ಮಾತ್ರ ಅವರ ಗಂಟಲಿಗೆ ಬರಲಿಲ್ಲ. ಒಂದು ಭಾನುವಾರ ನಾನು ತಮಾಷೆಗೆ ಒಮ್ಮೆ 'ಮ್ಯಾ' ಎಂದೆ. ಅಷ್ಟೇ, ಕೆಲಸ ನನ್ನದಾಯಿತು. ಸೋಮವಾರ ತರಗತಿಯಲ್ಲಿ ನಾನು ಹಾಜರಿ ಕರೆದರೆ ಹಿಂದಿನ ಸಾಲಿನಿಂದ 'ಮ್ಯಾ' ಎಂದು ಉತ್ತರ ಬರುತ್ತಿತ್ತು. ಬೈದೆ ಎಂದು ದಿನಚರಿ ಹೇಳುತ್ತದೆ. ನಕ್ಕೆ ಎಂದು ನೆನಪು ಹೇಳುತ್ತದೆ. ಈ ಒಂದು ವಿಷಯದಲ್ಲಿ ನೆನಪಿನ ಮಾತನ್ನೇ ನಂಬುತ್ತೇನೆ.

"ಇದು ಟೆಲಿವಿಷನ್ ಅಲ್ಲ ಶಾಮಣ್ಣನವರೇ," ಎಂದು ಒಮ್ಮೆ ಅಂದೆ.

"ದಿಲ್ಲೀಲಿ ಮಕ್ಕಳು ಕೂಗ್ತಾರಾ?"

"ಇಲ್ಲ, ಕೈಕಟ್ಟಿ ಕೂತಿರ್ತಾರೆ."

"ಹಾಗಾದ್ರೆ ಅದೇ ಟೆಲಿವಿಷನ್ ಅಲ್ಲ ಬಿಡಿ."

ಹೀಗೇ ನಡೆಯುತ್ತಿದ್ದಾಗ ಒಂದು ಗುರುವಾರ ಅವರಿಗೆ ವರ್ಗವಾಯಿತು. ಸೋಮವಾರ ಗೌರಿಬಿದನೂರಿನ ಆಸ್ಪತ್ರೆಯಲ್ಲಿ ಹಾಜರಾಗಬೇಕು. ಉಳಿದದ್ದು ಒಂದೇ ಭಾನುವಾರ. ಕುರಿಮರಿ ಇನ್ನೂ ಮೋಡದ ಹಿಂದೆಯೇ ಇತ್ತು.

"ತಾಯಿ ಸಿಗಲೇಬೇಕು ಟೀಚರಮ್ಮ," ಎಂದರು. "ಅರ್ಧ ಕೋರ್ಸಲ್ಲಿ ಬಿಟ್ಟೋದ್ರೆ ಜ್ವರ ತಿರುಗ್ತದೆ. ಮಕ್ಕಳಿಗೆ ಮಾತು ಕೊಟ್ಟಿದ್ದೀನಿ."

ಈ ಕೊನೆಯ ಭಾಗಕ್ಕೆ ಅವರಿಗೊಂದು ಆಸೆಯಿತ್ತು. ಮಳೆಯ ದೃಶ್ಯದಲ್ಲಿ ಮೂಲೆಯ ಹಳದಿ ಮಿಣುಕಬಾರದು, ಎಲ್ಲ ಕಪ್ಪು ಬಿಳುಪಾಗಿರಬೇಕು. ಊರಿನ ಅಚ್ಚಿನ ಪ್ರೆಸ್ಸಿನವರ ಬಳಿ ಮಿಕ್ಕಿದ್ದ ಕಾರ್ಡುಗಳ ಒಂದು ಕಟ್ಟು ಸಿಕ್ಕಿತು. ದಪ್ಪ ಕಾಗದ, ಹಾಲಿನಂಥ ಬಿಳುಪು, ಅರಿಶಿನವಿಲ್ಲ. ಬೆನ್ನು ಖಾಲಿ ಇದೆಯೆಂದು ನೋಡಿದರೇ ಹೊರತು ಮುಂದೆ ಏನು ಅಚ್ಚಾಗಿದೆ ಎಂದು ನೋಡಲಿಲ್ಲ. ಎರಡು ದಿನ ಒಂದೇ ಸಮ ಬರೆದರು. ಶನಿವಾರ ಮಧ್ಯಾಹ್ನ ಶಾಯಿ ಒಣಗಲೆಂದು ಜಗುಲಿಯ ತುಂಬ ಹರಡಿದರು. ನಾನು ಶಾಲೆಯಿಂದ ಬಂದಾಗ ಮಳೆ ಸುರಿಯುತ್ತಿತ್ತು, ಸಾಲು ಸಾಲಾಗಿ, ಕಾರ್ಡಿನಿಂದ ಕಾರ್ಡಿಗೆ. ಅಷ್ಟು ಚೆನ್ನಾಗಿ ಅವರು ಯಾವತ್ತೂ ಬರೆದಿರಲಿಲ್ಲ.

ಗಾಳಿ ಬೀಸಿ ಒಂದೆರಡು ಮಗುಚಿಕೊಂಡವು. ಒಳಗಿಂದ ಬಂದ ಸುಬ್ಬಮ್ಮ ಒಂದನ್ನು ಎತ್ತಿಕೊಂಡರು.

"ಶಾಮಣ್ಣ, ಇದೇನಪ್ಪ ಇದು?"

"ಮಳೆ ಅಮ್ಮಾ. ನಾಳೆ ಬರೋದು."

"ಈ ಕಡೆ ತಿರುಗ್ಸಿ ನೋಡು."

ಸುತ್ತ ಕಪ್ಪು ಗೆರೆ. ನಡುವೆ, ಯಾರದೋ ವೈಕುಂಠ ಸಮಾರಾಧನೆಯ ಆಹ್ವಾನ. ಸತ್ತವರ ಮನೆಯಿಂದ ಬರುವ ಇಂಥ ಕಾಗದವನ್ನು ನಮ್ಮ ಕಡೆ ಓದಿದ ಕೂಡಲೇ ಹೊರಗೇ ಹರಿದು ಹಾಕುತ್ತಾರೆ, ಹೊಸಿಲು ದಾಟಿಸುವುದಿಲ್ಲ. ಇಲ್ಲಿ ಜಗುಲಿಯ ತುಂಬ ಹಾಸಿತ್ತು. ಸುಬ್ಬಮ್ಮನ ಮಗಳು ಸರಸ್ವತಿಗೆ ಮುಂದಿನ ತಿಂಗಳು ಮದುವೆ.

"ಮದ್ವೆ ಮನೆ ಕಣಯ್ಯಾ ಇದು! ಚಪ್ಪರ ಹಾಕೋ ಜಾಗ! ನಿನಗೆ ಬೇರೆ ಕಾಗ್ದ ಸಿಗ್ಲಿಲ್ವಾ? ದಿನಾ ಆಸ್ಪತ್ರೇಲಿ ಹೆಣ ನೋಡಿ ನೋಡಿ ನಿನಗೇನೂ ಅನ್ಸಲ್ಲ. ನನಗೆ ಅನ್ಸುತ್ತೆ. ಎಲ್ಲಾ ಎತ್ಕೊಂಡ್ ಹೋಗು. ಆಟಾನೂ ಸಾಕು, ಗೀಟಾನೂ ಸಾಕು!"

ನಾನು ಓದಿದವಳು, ಏನೋ ಹೇಳಲು ಬಾಯಿ ತೆರೆದೆ. ಶಾಮಣ್ಣನವರು ಕೈಯೆತ್ತಿ ತಡೆದರು. "ಬೇಡಿ ಟೀಚರಮ್ಮ. ಅವರಿಗೆ ಹೆದರಿಕೆ ಆಗಿದೆ. ಹೆದರಿಕೆ ಆದೋರಿಗೆ ಪಾಠ ಹೇಳ್ಬಾರ್ದು." ಆಮೇಲೆ ಸುಬ್ಬಮ್ಮನ ಕಡೆ ತಿರುಗಿ, "ನಂದೇ ತಪ್ಪಮ್ಮ. ನೋಡ್ಬೇಕಾಗಿತ್ತು, ನೋಡ್ಲಿಲ್ಲ," ಎಂದರು. ಒಂದೊಂದಾಗಿ ಆರಿಸಿಕೊಂಡು, ಎಲ್ಲವನ್ನೂ ಊರ ಹೊರಗೆ ಒಯ್ದು ಸುಟ್ಟು, ಸ್ನಾನ ಮಾಡಿ ಬಂದು ಜಗುಲಿಯ ಕೆಳಗೆ, ಬೀದಿಯಲ್ಲಿ ಕೂತರು. ಕೈ ಅಲ್ಲಾಡುತ್ತಿರಲಿಲ್ಲ.

ಜಗುಲಿ ತೊಳೆದು ರಂಗೋಲಿ ಹಾಕಿದ ಮೇಲೆ ಸುಬ್ಬಮ್ಮನ ಕೋಪ ಅರ್ಧ ಇಳಿಯಿತು. ಬಾಗಿಲಲ್ಲಿ ನಿಂತು, ಗೋಡೆಗೆ ಹೇಳಿದ ಹಾಗೆ ಹೇಳಿದರು: "ಶುಭದ ಕಾಗ್ದ ಆದ್ರೆ ನಾನು ಯಾವತ್ತಾದ್ರೂ ಬೇಡ ಅಂದಿದ್ದೀನಾ?"

ನನಗೆ ಅಷ್ಟು ಸಾಕಾಯಿತು. ಓಡಿದೆ. ಸೀರೆ ಎತ್ತಿ ಕಟ್ಟಿಕೊಂಡು ಟೀಚರು ಬೀದಿಯಲ್ಲಿ ಓಡಿದ್ದು ಆ ಊರಿನಲ್ಲಿ ಮೊದಲ ಸಲವಿರಬೇಕು. ಸಿಕ್ಕಿದ ಪ್ರತಿ ಹುಡುಗಿಗೂ ಒಂದೇ ಮಾತು: "ಲಗ್ನಪತ್ರಿಕೆ ತನ್ನಿ! ಕುರಿಗೆ ತಾಯಿ ಸಿಗ್ಬೇಕು!" ಆದರೆ ತಿಂಗಳುಗಟ್ಟಲೆ ನಾವೇ ಊರಿನ ಮೊಳೆಗಳನ್ನೆಲ್ಲ ಖಾಲಿ ಮಾಡಿದ್ದೆವು. ಒಬ್ಬಳು ಎರಡು ತಂದಳು, ಒಬ್ಬಳು ತನ್ನ ಅಪ್ಪ ಅಮ್ಮನ ಮದುವೆಯದನ್ನೇ ಕಿತ್ತು ತಂದಳು. ಬಷೀರ್ ಸಾಬರು ಒಂದು ಹಿಡಿ ಹಸಿರು ಕಾರ್ಡು ಹಿಡಿದು ಜಗುಲಿಯ ಕೆಳಗೆ ನಿಂತರು.

"ಸುಬ್ಬಮ್ಮೋರೆ, ನಮ್ಮ ಮನೆ ಶಾದಿದು. ಅರಿಶಿನ ಇಲ್ಲ. ನಡೀತದಾ?"

"ಶುಭ ತಾನೆ ಸಾಬ್ರೆ? ಕೊಡಿ ಇಲ್ಲಿ," ಎಂದು ಸುಬ್ಬಮ್ಮ ತಾವೇ ಅರಿಶಿನ ತಂದು ಅವುಗಳ ಮೂಲೆಗೂ ಹಚ್ಚಿದರು.

ಆದರೂ ಅರ್ಧಕ್ಕೂ ಸಾಲಲಿಲ್ಲ. ಆಗ ಹಿಂಬಾಗಿಲಿನಿಂದ ಸರಸ್ವತಿ ಬಂದು ಸೆರಗಿನಡಿಯಿಂದ ಒಂದು ದಪ್ಪ ಕಟ್ಟನ್ನು ನನ್ನ ಮಡಿಲಿಗೆ ಹಾಕಿದಳು. "ಅಮ್ಮಂಗೆ ಹೇಳ್ಬೇಡಿ ಅಕ್ಕ. ಹೆಚ್ಚಿಗೆ ಮಾಡ್ಸಿದ್ದಾರೆ."

ಇನ್ನು ಬರೆಯುವುದು. ಒಬ್ಬರ ಕೈಗೆ ಆಗುವ ಕೆಲಸವಲ್ಲ. ಭಾನುವಾರ ಬೆಳಿಗ್ಗೆ ಎದ್ದವರೆಲ್ಲ ಬಂದರು. ಶಾಮಣ್ಣನವರು ಮುಖ್ಯವಾದ ಕಾರ್ಡುಗಳನ್ನು ಬರೆದು ಹಂಚಿದರು. ಒಂದರಿಂದ ಇನ್ನೊಂದಕ್ಕೆ ಕುರಿ ಎಷ್ಟು ಸರಿಯಬೇಕೆಂದು ಬೆರಳಿಟ್ಟು ತೋರಿಸಿದರು. ನಡುವಿನದನ್ನು ಮಕ್ಕಳು ತುಂಬಿದರು. ಒಬ್ಬಳ ಕುರಿಗೆ ಬಾಲ ದಪ್ಪ, ಒಬ್ಬಳದಕ್ಕೆ ಹೋತದ ಗಡ್ಡ. "ಇರ್ಲಿ ಬಿಡಿ, ಮಳೇಲಿ ನೆಂದಿದೆ, ಗುರುತು ಸಿಗಲ್ಲ," ಎನ್ನುತ್ತ ಅವರು ಒಬ್ಬೊಬ್ಬರ ಹಿಂದೆಯೂ ಓಡಾಡಿದರು. ಕೈ ಮತ್ತೆ ಕುಲುಕಲು ಶುರುವಾಗಿತ್ತು.

ಮುಗಿಯುವಾಗ ಹೊತ್ತು ತುಂಬ ಇಳಿದಿತ್ತು. ನಮಾಜು ಮುಗಿಸಿ ಬಂದ ಸಾಬರು ರಾಟೆಯ ಹಿಡಿ ಹಿಡಿದರು. ಅಂಗಳದಲ್ಲಿ ಬಿಸಿಲೇ ಇರಲಿಲ್ಲ.

"ಮಾಡಿನ ಮೇಲಿದೆ!" ಎಂದು ಯಾರೋ ಕೂಗಿದರು. ಕನ್ನಡಿ ಹಿಡಿಯುತ್ತಿದ್ದ ಹುಡುಗಿ ಎದುರುಮನೆಯ ತಾರಸಿ ಹತ್ತಿದಳು. ಅಲ್ಲಿಂದ ಬಿಟ್ಟ ಬೆಳಕು ಅಂಗಳದ ಗೋಡೆಗೆ ಬಿತ್ತೇ ಹೊರತು ಕಿಂಡಿಗೆ ತಿರುಗಲಿಲ್ಲ. ಇನ್ನೊಬ್ಬಳು ತನ್ನ ಮನೆಯ ಕನ್ನಡಿ ತಂದು ಗೋಡೆಯ ಬಳಿ ಹಿಡಿದಳು. ಬೆಳಕು ತಾರಸಿಯಿಂದ ಗೋಡೆಗೆ, ಗೋಡೆಯಿಂದ ಕಿಂಡಿಗೆ ಜಿಗಿಯಿತು. ಮಕ್ಕಳು ಹೋ ಎಂದರು. ಪರದೆ ಸರಿಯಿತು.

ಸುಬ್ಬಮ್ಮ ಬಾಗಿಲಿಗೆ ಬಂದು ನಿಂತದ್ದು ಆಗಲೇ. ಮೊದಲ ಕಾರ್ಡಿನ ಅಂಚನ್ನು ದಿಟ್ಟಿಸಿ ನೋಡಿದರು.

"ಏನೇ ಸರಸೂ, ಇದು ನಿನ್ನ ಲಗ್ನಪತ್ರಿಕೆ ಅಲ್ವೇನೆ?"

ಸಾಬರ ಕೈ ಹಿಡಿಯ ಮೇಲೆಯೇ ನಿಂತಿತು. ಗೋಡೆಯ ಬಳಿ ಹಿಡಿದ ಕನ್ನಡಿ ನಡುಗಿ ಬೆಳಕು ಕಿಂಡಿಯಿಂದ ಆಚೆ ಈಚೆ ಆಡಿತು.

"ಹೆಚ್ಚಿಗೆ ಇದ್ವಲ್ಲಮ್ಮ..."

"ಹೆಚ್ಚಿಗೆ ಇದ್ರೆ? ದೇವ್ರ ಮುಂದೆ ಇಟ್ಟು ಅರಿಶಿನ ಹಚ್ಚಿದ್ದು ಕಣೇ!" ಸುಬ್ಬಮ್ಮ ಮಗಳನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಕುತ್ತಿಗೆ ಉದ್ದ ಮಾಡಿ ಕೂತ ಮಕ್ಕಳನ್ನು ನೋಡಿದರು. "ಹೋಗ್ಲಿ ಬಿಡು. ಪತ್ರಿಕೆ ಕೊಟ್ಟಾಯ್ತು, ಇನ್ನು ವಾಪಸ್ ಈಸ್ಕೊಳ್ಳೋಕಾಗುತ್ತಾ? ಕುರೀನೂ ಮದ್ವೆಗೆ ಬರ್ಲಿ." ಎಂದು ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟರು. "ಹೂಂ, ತಿರುಗ್ಸಿ ಸಾಬ್ರೆ. ಬಿಸಿಲು ಹೋಗ್ತಿದೆ."

ರಾಟೆ ತಿರುಗಿತು. ಮೋಡ ಕರಗಿತು. ಮಳೆ ಬಂತು. ಹತ್ತಾರು ಕೈಗಳ ಕುರಿಮರಿ ಕಾರ್ಡಿನಿಂದ ಕಾರ್ಡಿಗೆ ಒಂದು ಸಲ ದಪ್ಪ, ಒಂದು ಸಲ ಸಣ್ಣ ಆಗುತ್ತಿದ್ದುದರಿಂದ ಅದು ನಿಜವಾಗಿ ಚಳಿಗೆ ನಡುಗುತ್ತಿರುವ ಹಾಗೆ ಕಂಡಿತು. ಶಾಮಣ್ಣನವರು ಬೇಡವೆಂದಿದ್ದ ಅರಿಶಿನ ಮೂಲೆಯಲ್ಲಿ ಮಿನುಗುತ್ತಲೇ ಇತ್ತು, ಮಳೆಯೊಳಗೆ ಬಿಸಿಲು ಬಂದ ಹಾಗೆ. ನಾನು ಮರಿಯ ದನಿಯಲ್ಲಿ ಕೂಗಿದೆ. ಆ ಕಡೆಯಿಂದ ತಾಯಿ ಬಂದಳು. ತಾಯಿಯ ದನಿಗೆ ಯಾರನ್ನೂ ಗೊತ್ತು ಮಾಡಿರಲಿಲ್ಲ. ಹೊಸಿಲ ಮೇಲಿನಿಂದ ಸುಬ್ಬಮ್ಮ ಗಟ್ಟಿಯಾಗಿ 'ಮ್ಯಾ' ಎಂದರು.

ಆಮೇಲೆ ಏನೂ ಕೇಳಿಸಲಿಲ್ಲ. ಅಷ್ಟು ಗದ್ದಲ. ಶಾಮಣ್ಣನವರು ಪೆಟ್ಟಿಗೆಯ ಹಿಂದಿನಿಂದ ಹೊರಗೆ ಬಂದಿದ್ದರು. ತಾವು ಮಾಡಿದ್ದನ್ನು ಮಕ್ಕಳ ಸಾಲಿನಲ್ಲಿ ಕೂತು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. "ಇನ್ನೊಂದ್ಸಲ ಸಾಬ್ರೆ, ಇನ್ನೊಂದ್ಸಲ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ಅವರೇ. ತಾರಸಿಯ ಮೇಲಿನ ಬಿಸಿಲು ಮುಗಿಯುವವರೆಗೂ ಆ ತಾಯಿ ಮತ್ತೆ ಮತ್ತೆ ಸಿಕ್ಕಳು.

ಸೋಮವಾರ ಬೆಳಿಗ್ಗೆ ಪೆಟ್ಟಿಗೆ, ರಾಟೆ ಎಲ್ಲ ಹೊತ್ತು ಅವರು ಬಸ್ಸು ಹತ್ತಿದರು.

ಕೆಲವು ವರ್ಷಗಳ ನಂತರ ಪರೀಕ್ಷೆಯ ಕೆಲಸಕ್ಕೆಂದು ನಾನು ಗೌರಿಬಿದನೂರಿಗೆ ಹೋದೆ. ಅದೂ ಒಂದು ಭಾನುವಾರ. ವಿಚಾರಿಸಿಕೊಂಡು ಮನೆ ಹುಡುಕಿದೆ. ಶಾಮಣ್ಣನವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಸಂತೋಷಪಟ್ಟರು. ಆದರೆ ಕೂರಿಸಿ ಮಾತಾಡಿಸುವ ವ್ಯವಧಾನವಿರಲಿಲ್ಲ. ಜಗುಲಿಯ ಮೇಲೆ ಆಗಲೇ ಹೊಸ ಮಕ್ಕಳು ಕೂತಿದ್ದರು.

"ಇಲ್ಲೂ ಕುರಿಮರೀನಾ?"

"ಇನ್ನೇನು ಮತ್ತೆ! ಈ ಮಕ್ಕಳಿಗೆ ಅದು ಕಳೆದುಹೋಗಿದ್ದೇ ಗೊತ್ತಿಲ್ಲ ಟೀಚರಮ್ಮ. ಮೊದಲಿಂದ ಹಿಡಿದಿದ್ದೀನಿ."

"ದನಿ ಯಾರು?"

"ಒಬ್ಬ ಹೆಡ್ ಕಾನ್‌ಸ್ಟೇಬಲ್. ನಿಮ್ಮಷ್ಟು ಚೆನ್ನಾಗಿ ಅಳಲ್ಲ. ಕಲೀತಾನೆ."

ನನಗೆ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಕೂತು ನೋಡಬೇಕೆನಿಸಿತು. ಆದರೆ ನನ್ನ ಬಸ್ಸಿಗೆ ಹೊತ್ತಾಗಿತ್ತು. ಬಸ್ ನಿಲ್ದಾಣದವರೆಗೆ ಬರುತ್ತಾರೇನೋ ಎಂದುಕೊಂಡಿದ್ದೆ. ಅವರು ಆಕಾಶ ನೋಡಿ, "ಬಿಸಿಲು ಚೆನ್ನಾಗಿದೆ, ತಪ್ಪು ತಿಳ್ಕೋಬೇಡಿ," ಎಂದು ಪೆಟ್ಟಿಗೆಯ ಕಡೆ ಓಡಿದರು.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ನಾನು ಕೊನೆಯದಾಗಿ ಕಂಡದ್ದು ಅವರ ಮುಖವನ್ನಲ್ಲ, ಪೆಟ್ಟಿಗೆಯ ಹಿಂದೆ ಬಗ್ಗಿದ ಬೆನ್ನನ್ನು. ಆ ಭಾನುವಾರ ಬೀದಿಯ ತಿರುವಿನಲ್ಲಿ ನಾನು ನಿಂತು ಕೇಳಿಸಿಕೊಂಡೆ. ಕಾನ್‌ಸ್ಟೇಬಲ್ಲಿನ ದಪ್ಪ ದನಿಯಲ್ಲಿ ಒಂದು 'ಮ್ಯಾ' ಬಂತು. ಆಮೇಲೆ ಗೌರಿಬಿದನೂರಿನ ಮಕ್ಕಳು ಕೂಗಿದರು.